ಕಾಂಕ್ರೀಟಿನ ಬಲವರ್ಧನೆ: ಅಡ್‌ಮಿಕ್ಸ್ಚರ್, ಸಂಸ್ಕರಿಸಿದ ನೀರು ಮತ್ತು ವೆಚ್ಚದ ಲೆಕ್ಕ

ಸಿಮೆಂಟ್ ಬ್ಲಾಕ್, ಪೇವರ್, ಕಾಂಪೌಂಡಿನ ಕಂಬ, ಆರ್.ಸಿ.ಸಿ. ಪೈಪು, ಮ್ಯಾನ್‌ಹೋಲ್ ಮುಚ್ಚಳ ಮುಂತಾದವುಗಳನ್ನು ತಯಾರಿಸುವ ಸಣ್ಣ ಘಟಕಗಳ ಲೆಕ್ಕಪತ್ರಗಳಲ್ಲಿ ಕಚ್ಚಾ ಸಾಮಗ್ರಿಯ ಪೈಕಿ ಸಿಮೆಂಟಿನದೇ ಸಿಂಹಪಾಲು. ಆದುದರಿಂದ ವೆಚ್ಚ ಇಳಿಸುವ ಮಾತು ಬಂದಾಗಲೆಲ್ಲ ಮಾಲೀಕರ ದೃಷ್ಟಿ ಮೊದಲು ಸಿಮೆಂಟಿನ ಮೇಲೆ ಬೀಳುವುದು ಸಹಜ. ಇದನ್ನು ಅರಿತ ಮಾರಾಟಗಾರರು ಎರಡು ಬಗೆಯ ಸರಕನ್ನು ಹೊತ್ತು ಘಟಕದ ಬಾಗಿಲಿಗೆ ಬರುತ್ತಾರೆ. ಒಂದು, ಡ್ರಮ್ಮಿನಲ್ಲಿ ಬರುವ ರಾಸಾಯನಿಕ ದ್ರವ, ಅಂದರೆ ಅಡ್‌ಮಿಕ್ಸ್ಚರ್. ಇನ್ನೊಂದು, ಮಿಶ್ರಣದ ನೀರನ್ನು 'ಸಂಸ್ಕರಿಸುವ' ಸಾಧನ. ಎರಡರ ಭರವಸೆಯೂ ಒಂದೇ: ಕಡಿಮೆ ಸಿಮೆಂಟಿನಲ್ಲಿ ಹೆಚ್ಚು ಬಲ.

ಈ ಭರವಸೆಯಲ್ಲಿ ನಿಜಾಂಶ ಇಲ್ಲದಿಲ್ಲ. ಆದರೆ ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೆಯ ದಿನ. ಅಷ್ಟರೊಳಗೆ ಸರಕು ಲಾರಿ ಏರಿರುತ್ತದೆ, ಕಂಬ ನೆಟ್ಟಾಗಿರುತ್ತದೆ, ಬಿಲ್ಲು ಸಲ್ಲಿಕೆಯಾಗಿರುತ್ತದೆ. ಆಗ ಕ್ಯೂಬ್ ಪರೀಕ್ಷೆ ವಿಫಲವಾದರೆ ಉಳಿತಾಯವಾದ ನಾಲ್ಕು ಚೀಲ ಸಿಮೆಂಟಿನ ಬೆಲೆಯಲ್ಲ, ಇಡೀ ಆರ್ಡರಿನ ಹಣವೇ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಡ್ರಮ್ಮಿನೊಳಗೆ ಏನಿದೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾಲೀಕರು ಮೇಸ್ತ್ರಿಗೆ ಬಿಟ್ಟುಬಿಡದೆ ತಾವೇ ತಿಳಿದಿರುವುದು ಅವಶ್ಯ.

ಬಲದ ಮೂಲ ಎಲ್ಲಿ?

1918ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಡಫ್ ಅಬ್ರಾಮ್ಸ್ ಎಂಬ ತಜ್ಞರು ಪ್ರಕಟಿಸಿದ ನಿಯಮ ಇಂದಿಗೂ ಕಾಂಕ್ರೀಟ್ ಶಾಸ್ತ್ರದ ತಳಹದಿಯಾಗಿದೆ. ಸರಿಯಾಗಿ ಕುಟ್ಟಿ ಗಾಳಿ ಹೊರಹಾಕಿದ ಕಾಂಕ್ರೀಟಿನ ಬಲವು ಮುಖ್ಯವಾಗಿ ನೀರು ಮತ್ತು ಸಿಮೆಂಟಿನ ತೂಕಗಳ ಅನುಪಾತವನ್ನು ಅವಲಂಬಿಸಿರುತ್ತದೆ. ಅನುಪಾತ ಏರಿದಂತೆ ಬಲ ಇಳಿಯುತ್ತದೆ. ಇದಕ್ಕೆ ಕಾರಣ ಸರಳವಾಗಿದೆ. ಸಿಮೆಂಟು ಪೂರ್ಣವಾಗಿ ನೀರಿನೊಡನೆ ಕೂಡಿ ಗಟ್ಟಿಯಾಗಲು ತನ್ನ ತೂಕದ ಶೇಕಡಾ 23ರಷ್ಟು ನೀರನ್ನು ರಾಸಾಯನಿಕವಾಗಿ ಕಟ್ಟಿಕೊಳ್ಳುತ್ತದೆ, ಮತ್ತೆ ಶೇಕಡಾ 15ರಷ್ಟನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒಟ್ಟು ಶೇಕಡಾ 38. ಒಂದು ಘನಮೀಟರಿಗೆ 380 ಕಿ.ಗ್ರಾಂ. ಸಿಮೆಂಟು, 190 ಲೀಟರ್ ನೀರು ಹಾಕಿದರೆ ಸಿಮೆಂಟಿಗೆ ಬೇಕಾದದ್ದು ಸುಮಾರು 144 ಲೀಟರ್ ಮಾತ್ರ. ಉಳಿದ 46 ಲೀಟರ್ ಕಾಲಕ್ರಮದಲ್ಲಿ ಆರಿಹೋಗಿ ತನ್ನ ಜಾಗದಲ್ಲಿ ಟೊಳ್ಳನ್ನು ಬಿಟ್ಟುಹೋಗುತ್ತದೆ. ಹಾಗಾದರೆ ಆ ನೀರನ್ನು ಹಾಕುವುದಾದರೂ ಏಕೆ? ಅಚ್ಚಿನೊಳಗೆ, ಕಂಬಿಗಳ ನಡುವೆ ಕಾಂಕ್ರೀಟು ಹರಿಯಬೇಕಲ್ಲ, ಅದಕ್ಕಾಗಿ. ಮೇಸ್ತ್ರಿಯ ಕೈಯಲ್ಲಿರುವ ಮಗ್ಗು ಕೆಲಸವನ್ನು ಹಗುರ ಮಾಡುತ್ತದೆ, ಬಲವನ್ನೂ ಹಗುರ ಮಾಡುತ್ತದೆ.

ಅಡ್‌ಮಿಕ್ಸ್ಚರ್ ಮಾಡುವ ಕೆಲಸ

ನೀರಿನಲ್ಲಿ ಬಿದ್ದ ಸಿಮೆಂಟಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪು ಕಟ್ಟುತ್ತವೆ, ಮತ್ತು ಆ ಗುಂಪುಗಳೊಳಗೆ ನೀರು ಬಂದಿಯಾಗುತ್ತದೆ. ನೀರು ತಗ್ಗಿಸುವ ಅಡ್‌ಮಿಕ್ಸ್ಚರ್‌ಗಳು ಕಣಗಳ ಮೇಲೆ ಕುಳಿತು ಅವುಗಳನ್ನು ಒಂದರಿಂದೊಂದು ದೂರ ತಳ್ಳುತ್ತವೆ. ಬಂದಿಯಾದ ನೀರು ಬಿಡುಗಡೆಯಾಗಿ ಕಾಂಕ್ರೀಟು ಹರಿಯತೊಡಗುತ್ತದೆ. ಇವು ಸಿಮೆಂಟಿಗೆ ತಾವಾಗಿ ಹೊಸ ಬಲವನ್ನು ಕೊಡುವುದಿಲ್ಲ. ಕಡಿಮೆ ನೀರಿನಲ್ಲಿ ಅದೇ ಹರಿವನ್ನು ಕೊಡುತ್ತವೆ. ನೀರನ್ನು ಕಡಿಮೆ ಮಾಡದೆ ಅಡ್‌ಮಿಕ್ಸ್ಚರ್ ಮಾತ್ರ ಸುರಿದರೆ ಕಾಂಕ್ರೀಟು ಇನ್ನಷ್ಟು ತೆಳುವಾಗುತ್ತದೆಯೇ ಹೊರತು ಬಲವಾಗುವುದಿಲ್ಲ. ಅನೇಕ ಘಟಕಗಳಲ್ಲಿ ಹಣ ಪೋಲಾಗುವುದು ಈ ಒಂದು ತಪ್ಪು ತಿಳುವಳಿಕೆಯಿಂದಲೇ.

ಇವುಗಳಲ್ಲಿ ಹಳೆಯದು ಲಿಗ್ನೋಸಲ್ಫೊನೇಟ್, ಕಾಗದದ ತಿರುಳು ತಯಾರಿಕೆಯ ಉಪೋತ್ಪನ್ನ. ಇದು ಶೇಕಡಾ 5ರಿಂದ 10ರಷ್ಟು ನೀರನ್ನು ತಗ್ಗಿಸಬಲ್ಲದು. 1960ರ ದಶಕದಲ್ಲಿ ಜಪಾನಿನಲ್ಲಿ ನ್ಯಾಫ್ತಲೀನ್ ಆಧಾರಿತ ಸೂಪರ್ ಪ್ಲಾಸ್ಟಿಸೈಜರ್ ಬಳಕೆಗೆ ಬಂದಿತು. ಅದರ ನೀರು ಕಡಿತ ಶೇಕಡಾ 15ರಿಂದ 25. 1980ರ ದಶಕದಲ್ಲಿ ಅಲ್ಲಿಯೇ ಬಂದ ಪಾಲಿಕಾರ್ಬಾಕ್ಸಿಲೇಟ್ ವರ್ಗದ ದ್ರವಗಳು, ವ್ಯಾಪಾರದ ಮಾತಿನಲ್ಲಿ 'ಪಿ.ಸಿ.ಇ.', ಶೇಕಡಾ 30ಕ್ಕೂ ಮಿಕ್ಕಿ ನೀರನ್ನು ಕಡಿಮೆ ಮಾಡಬಲ್ಲವು. ಆದರೆ ಪಿ.ಸಿ.ಇ.ಗೆ ಜೇಡಿ ಮಣ್ಣು ಎಂದರೆ ಆಗದು. ಸರಿಯಾಗಿ ತೊಳೆಯದ ಎಂ-ಸ್ಯಾಂಡಿನಲ್ಲಿ ಜೇಡಿಯ ಅಂಶವಿದ್ದರೆ ಅದು ದ್ರವವನ್ನು ಹೀರಿಕೊಂಡುಬಿಡುತ್ತದೆ. ಮಾರಾಟಗಾರನ ಪ್ರಯೋಗಶಾಲೆಯಲ್ಲಿ ಅದ್ಭುತವಾಗಿ ಹರಿದ ಕಾಂಕ್ರೀಟು ಘಟಕದ ಅಂಗಳದಲ್ಲಿ ಮುದ್ದೆಯಾಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಸಿಮೆಂಟಿನ ಬ್ರಾಂಡು ಬದಲಾದರೂ ಪ್ರಮಾಣವನ್ನು ಹೊಸದಾಗಿ ನಿಗದಿ ಮಾಡಬೇಕಾಗುತ್ತದೆ.

ಪ್ರಮಾಣ ಮೀರುವುದೂ ಅಪಾಯಕರ. ಹೆಚ್ಚಾದರೆ ಜಲ್ಲಿ ಒಂದು ಕಡೆ, ಗಾರೆ ಒಂದು ಕಡೆ ಬೇರ್ಪಡುತ್ತದೆ, ಅಥವಾ ಕಾಂಕ್ರೀಟು ಸೆಟ್ ಆಗಲು ಒಂದೆರಡು ದಿನ ಹಿಡಿದು ಅಚ್ಚುಗಳೆಲ್ಲ ಅಡಕವಾಗಿ ಕೂರುತ್ತವೆ. ಸೆಟ್ಟಿಂಗ್ ನಿಧಾನಿಸುವ ಗುಣ ಎಂತೆಂತಹ ಪದಾರ್ಥಗಳಲ್ಲಿದೆ ಎಂಬುದಕ್ಕೆ ಸಕ್ಕರೆಯೇ ಸಾಕ್ಷಿ: ಸಿಮೆಂಟಿನ ತೂಕದ ಶೇಕಡಾ 0.05, ಅಂದರೆ 50 ಕಿಲೋ ಚೀಲಕ್ಕೆ ಬರೇ 25 ಗ್ರಾಂ ಸಕ್ಕರೆ ಸೇರಿದರೆ ಸೆಟ್ಟಿಂಗ್ ಕೆಲವು ಗಂಟೆಗಳಷ್ಟು ಮುಂದಕ್ಕೆ ಹೋಗುತ್ತದೆ. ಆಲೆಮನೆಯಿಂದ ಬೆಲ್ಲ ಸಾಗಿಸಿದ ಡ್ರಮ್ಮನ್ನು ತೊಳೆಯದೆ ಕಾಂಕ್ರೀಟಿನ ನೀರಿಗೆ ಬಳಸುವವರು ಇದನ್ನು ನೆನಪಿಡುವುದು ಒಳಿತು.

ಇದಕ್ಕೆ ವಿರುದ್ಧ ಗುಣದ್ದು ಕ್ಯಾಲ್ಸಿಯಂ ಕ್ಲೋರೈಡ್. ಅಗ್ಗದ ಬೆಲೆಗೆ ಬೇಗ ಗಟ್ಟಿಯಾಗುವ, ಅಚ್ಚು ಬೇಗ ಬಿಚ್ಚಬಹುದಾದ ಅನುಕೂಲ ಇದರಲ್ಲಿದೆ. ಕಂಬಿಯಿಲ್ಲದ ಬ್ಲಾಕಿಗೆ ಇದರ ತೊಂದರೆ ಕಡಿಮೆ. ಕಂಬಿಯಿರುವ ಕಂಬಕ್ಕೆ, ಪೈಪಿಗೆ ಇದು ನಿಧಾನ ವಿಷ. ಕ್ಲೋರೈಡ್ ಕಂಬಿಯ ರಕ್ಷಣಾ ಪದರವನ್ನು ಮುರಿದು ತುಕ್ಕನ್ನು ಆಹ್ವಾನಿಸುತ್ತದೆ, ಉಬ್ಬಿದ ತುಕ್ಕು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಭಾರತೀಯ ಮಾನಕ ಐ.ಎಸ್. 456:2000ರ ಪ್ರಕಾರ ಕಂಬಿಯಿರುವ ಕಾಂಕ್ರೀಟಿನಲ್ಲಿ ಎಲ್ಲ ಮೂಲಗಳಿಂದ ಸೇರುವ ಕ್ಲೋರೈಡ್ ಘನಮೀಟರಿಗೆ 0.6 ಕಿ.ಗ್ರಾಂ. ಮೀರುವಂತಿಲ್ಲ, ಹಬೆಯಲ್ಲಿ ಹದಗೊಳಿಸಿದ ಮತ್ತು ಪ್ರಿಸ್ಟ್ರೆಸ್ಡ್ ಕಾಂಕ್ರೀಟಿಗೆ ಮಿತಿ 0.4 ಕಿ.ಗ್ರಾಂ. ಮಾತ್ರ. ಈಗ ಲೆಕ್ಕ ಹಾಕಬಹುದು. 380 ಕಿ.ಗ್ರಾಂ. ಸಿಮೆಂಟಿಗೆ ಶೇಕಡಾ 2ರಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಎಂದರೆ 7.6 ಕಿ.ಗ್ರಾಂ. ಅದರಲ್ಲಿ ಕ್ಲೋರೈಡಿನ ಪಾಲು ಸುಮಾರು ಶೇಕಡಾ 64, ಅಂದರೆ 4.86 ಕಿ.ಗ್ರಾಂ. ಮಿತಿಯ ಎಂಟು ಪಟ್ಟು. ಹೆಸರಿಲ್ಲದ 'ಕ್ವಿಕ್ ಸೆಟ್ಟಿಂಗ್' ದ್ರವವನ್ನು ಬಿಡಿಯಾಗಿ ಕೊಳ್ಳುವವರು ಇದನ್ನು ಪರೀಕ್ಷಿಸಿಕೊಳ್ಳದೆ ಕೊಳ್ಳುವುದು ಕಣ್ಣು ಮುಚ್ಚಿ ಹುಂಡಿಗೆ ಸಹಿ ಹಾಕಿದಂತೆಯೇ ಸರಿ. ಅಡ್‌ಮಿಕ್ಸ್ಚರಿನ ಪ್ರತಿಯೊಂದು ಬ್ಯಾಚಿನ ಕ್ಲೋರೈಡ್ ಅಂಶವನ್ನು ಸ್ವೀಕರಿಸುವ ಮುನ್ನ ಸ್ವತಂತ್ರವಾಗಿ ಪರೀಕ್ಷಿಸಬೇಕೆಂದು ಅದೇ ಮಾನಕ ಹೇಳುತ್ತದೆ. ಅಡ್‌ಮಿಕ್ಸ್ಚರುಗಳಿಗೇ ಪ್ರತ್ಯೇಕವಾಗಿ ಐ.ಎಸ್. 9103 ಎಂಬ ಮಾನಕವೂ ಇದೆ.

ಬೂದಿಯಿಂದ ಬಲ

ಖನಿಜ ಪುಡಿಗಳನ್ನು ಬೆರೆಸಿ ಗಾರೆಯನ್ನು ಗಟ್ಟಿಗೊಳಿಸುವುದು ಕನ್ನಡನಾಡಿಗೆ ಹೊಸದಲ್ಲ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ. ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದೊಡನೆ ಕೂಡಿ ಕೊಡುವ ಬಂಧವನ್ನೇ ಇಂದು ಹಾರುಬೂದಿ ಸಿಮೆಂಟಿನೊಡನೆ ಕೂಡಿ ಕೊಡುತ್ತಿದೆ. ಸಿಮೆಂಟು ಗಟ್ಟಿಯಾಗುವಾಗ ಸುಣ್ಣ ಬಿಡುಗಡೆಯಾಗುತ್ತದೆ. ಹಾರುಬೂದಿಯ ಸಿಲಿಕಾ ಆ ಸುಣ್ಣವನ್ನು ಹಿಡಿದು ಮತ್ತೆ ಬಂಧಕ ವಸ್ತುವನ್ನೇ ನಿರ್ಮಿಸುತ್ತದೆ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗೂ ರಾಜ್ಯದಲ್ಲಿಯೇ ದೊರೆಯುವ ಸಾಮಗ್ರಿಗಳು.

ಇಲ್ಲಿ ಎರಡು ಎಚ್ಚರಿಕೆ. ಮಾರುಕಟ್ಟೆಯ ಪಿ.ಪಿ.ಸಿ. ಸಿಮೆಂಟಿನಲ್ಲಿ ಶೇಕಡಾ 15ರಿಂದ 35ರವರೆಗೆ ಹಾರುಬೂದಿ ಈಗಾಗಲೇ ಸೇರಿರುತ್ತದೆ. ಅದರ ಮೇಲೆ ಘಟಕದಲ್ಲಿಯೂ ಬೂದಿ ಬೆರೆಸಿದರೆ ಒಂದೇ ಸಿಮೆಂಟನ್ನು ಎರಡು ಸಲ ಕಡಿತ ಮಾಡಿದಂತಾಗುತ್ತದೆ. ಎರಡನೆಯದು ಕಾಲ. ಬೂದಿಯ ಬಲ ನಿಧಾನವಾಗಿ ಬರುತ್ತದೆ, ಅದಕ್ಕೆ ತೇವ ಬೇಕು. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಿದರೆ ಸಾಕೆನ್ನುವ ಮಾನಕವು ಮಿಶ್ರ ಸಿಮೆಂಟಿಗೆ 10 ದಿನ ಹೇಳಿ, ಅದನ್ನು 14 ದಿನಕ್ಕೆ ವಿಸ್ತರಿಸುವುದು ಲೇಸೆನ್ನುತ್ತದೆ. ಅಂಗಳ ಖಾಲಿ ಮಾಡುವ ಆತುರದಲ್ಲಿ ಮೂರನೆಯ ದಿನಕ್ಕೆ ಕ್ಯೂರಿಂಗ್ ನಿಲ್ಲಿಸುವ ಘಟಕಕ್ಕೆ ಹಾರುಬೂದಿ ಲಾಭ ತರುವುದಿಲ್ಲ.

'ಸಂಸ್ಕರಿಸಿದ ನೀರು' ಎಂದರೆ ಯಾವುದು?

ಈ ಒಂದು ಮಾತಿನಡಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿರುವುದೇ ಗೊಂದಲಕ್ಕೆ ಕಾರಣ.

ಮೊದಲನೆಯದು ಗಡಸು ಅಥವಾ ಉಪ್ಪು ನೀರಿನ ಶುದ್ಧೀಕರಣ. ಬಯಲುಸೀಮೆಯ ಆಳವಾದ ಕೊಳವೆಬಾವಿಗಳನ್ನು ನಂಬಿದ ಘಟಕಗಳಿಗೆ ಇದು ನಿಜವಾದ ಸಮಸ್ಯೆ. ಐ.ಎಸ್. 456ರ ಮಿತಿಗಳು ಹೀಗಿವೆ: ಪಿ.ಎಚ್. 6ಕ್ಕಿಂತ ಕಡಿಮೆ ಇರಕೂಡದು. ಲೀಟರಿಗೆ ಸಾವಯವ ಕಲ್ಮಶ 200 ಮಿ.ಗ್ರಾಂ., ನಿರವಯವ ಲವಣ 3,000 ಮಿ.ಗ್ರಾಂ., ಸಲ್ಫೇಟು 400 ಮಿ.ಗ್ರಾಂ., ತೇಲುವ ಕಣಗಳು 2,000 ಮಿ.ಗ್ರಾಂ. ಮೀರಕೂಡದು, ಕ್ಲೋರೈಡು ಕಂಬಿಯಿಲ್ಲದ ಕಾಂಕ್ರೀಟಿಗೆ 2,000 ಮಿ.ಗ್ರಾಂ., ಕಂಬಿಯಿರುವುದಕ್ಕೆ 500 ಮಿ.ಗ್ರಾಂ. ಈ ಪಟ್ಟಿಯಲ್ಲಿ ಗಡಸುತನಕ್ಕೆ ಪ್ರತ್ಯೇಕ ಮಿತಿಯೇ ಇಲ್ಲವೆಂಬುದನ್ನು ಗಮನಿಸಬೇಕು. ಆದರೂ ಹಲವರು ಬಾಯ್ಲರಿಗೆ ಹಾಕುವಂತಹ ಸಾಫ್ಟನರನ್ನು ಕೊಂಡು ನೀರು ಸಂಸ್ಕರಿಸಿದೆವೆಂದು ನೆಮ್ಮದಿಯಾಗಿರುತ್ತಾರೆ. ಸಾಫ್ಟನರು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಕ್ಲೋರೈಡು ಇದ್ದಲ್ಲಿಯೇ ಇರುತ್ತದೆ. ಕ್ಲೋರೈಡನ್ನು ತಗ್ಗಿಸುವುದು ಆರ್.ಓ. ಘಟಕ ಅಥವಾ ಸಿಹಿನೀರಿನ ಬೆರಕೆ.

ಎಲ್ಲ ನೀರನ್ನೂ ಆರ್.ಓ. ಮಾಡಬೇಕಾಗಿಲ್ಲ. ಕೊಳವೆಬಾವಿಯ ನೀರಿನಲ್ಲಿ ಕ್ಲೋರೈಡು 800 ಮಿ.ಗ್ರಾಂ., ಆರ್.ಓ. ನೀರಿನಲ್ಲಿ 40 ಮಿ.ಗ್ರಾಂ. ಇದೆಯೆಂದು ಹಿಡಿದರೆ, 60 ಭಾಗ ಮೊದಲನೆಯದಕ್ಕೆ 40 ಭಾಗ ಎರಡನೆಯದನ್ನು ಬೆರೆಸಿದಾಗ 496 ಮಿ.ಗ್ರಾಂ. ಆಗುತ್ತದೆ. ಮಿತಿಯ ಅಂಚಿಗೆ ಇಷ್ಟು ಹತ್ತಿರ ನಿಲ್ಲುವುದು ಜಾಣತನವಲ್ಲ, ಅರ್ಧಕ್ಕರ್ಧ ಬೆರೆಸುವುದು ಮೇಲು. ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟ ಘಟಕಕ್ಕೆ ಆರ್.ಓ. ವೆಚ್ಚ ಅಷ್ಟರಮಟ್ಟಿಗೆ ಉಳಿಯುತ್ತದೆ.

ಎರಡನೆಯದು ಶುದ್ಧೀಕರಿಸಿದ ಒಳಚರಂಡಿ ನೀರು. 2024ರ ಮಾರ್ಚಿನಲ್ಲಿ ಬೆಂಗಳೂರಿನ ನೀರಿನ ಬವಣೆಯ ಸಮಯದಲ್ಲಿ ಜಲಮಂಡಳಿಯು ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿದ ಮೇಲೆ ಈ ನೀರಿನ ಕಡೆ ಎಲ್ಲರ ಗಮನ ಹರಿಯಿತು. ಮೇಲಿನ ಮಿತಿಗಳೊಳಗೆ ಇರುವ ನೀರು ಎಲ್ಲಿಂದ ಬಂದರೂ ಕಾಂಕ್ರೀಟಿಗೆ ಭೇದವಿಲ್ಲ. ಆದರೆ ಇದರ ಗುಣಮಟ್ಟ ದಿನದಿಂದ ದಿನಕ್ಕೆ ಬದಲಾಗುವಂತಹುದು. ಸಾಬೂನಿನ ಅಂಶ ಉಳಿದಿದ್ದರೆ ನೊರೆ ಕಟ್ಟಿ ಕಾಂಕ್ರೀಟಿನೊಳಗೆ ಗಾಳಿ ಸೇರುತ್ತದೆ. ಶೇಕಡಾ 1ರಷ್ಟು ಟೊಳ್ಳು ಹೆಚ್ಚಿದರೆ ಬಲ ಸುಮಾರು ಶೇಕಡಾ 5ರಷ್ಟು ಕುಗ್ಗುತ್ತದೆ. ಒಂದು ಸಲ ಮಾಡಿಸಿದ ಪರೀಕ್ಷಾ ವರದಿಯನ್ನು ವರ್ಷವಿಡೀ ತೋರಿಸುವ ಟ್ಯಾಂಕರಿನವರ ಮಾತಿಗೆ ಬೆಲೆ ಕಟ್ಟುವಂತಿಲ್ಲ. ಅನುಮಾನವಿದ್ದಾಗ ಮಾನಕವೇ ಒಂದು ದಾರಿ ತೋರಿಸಿದೆ: ಆ ನೀರಿನಿಂದ ಮಾಡಿದ ಕನಿಷ್ಠ ಮೂರು 150 ಮಿ.ಮೀ. ಕ್ಯೂಬುಗಳ 28 ದಿನದ ಸರಾಸರಿ ಬಲವು, ಬಟ್ಟಿ ಇಳಿಸಿದ ನೀರಿನಿಂದ ಮಾಡಿದ ಮೂರು ಕ್ಯೂಬುಗಳ ಸರಾಸರಿಯ ಶೇಕಡಾ 90ಕ್ಕೆ ಕಡಿಮೆ ಇರಕೂಡದು.

ಮೂರನೆಯದು ಅಯಸ್ಕಾಂತದ ನಡುವೆ ಹಾಯಿಸಿದ ನೀರು. ಪೈಪಿಗೆ ಸಿಕ್ಕಿಸುವ ಈ ಸಾಧನದಿಂದ ನೀರಿನ ಕಣಗಳ ಗುಂಪು ಒಡೆದು ಸಿಮೆಂಟಿನೊಡನೆ ಚೆನ್ನಾಗಿ ಬೆರೆಯುತ್ತದೆ, ಬಲ ಶೇಕಡಾ 10-20ರಷ್ಟು ಏರುತ್ತದೆ ಎಂಬುದು ಪ್ರಚಾರ. ಅಂತಹ ಏರಿಕೆಯನ್ನು ವರದಿ ಮಾಡಿದ ಪ್ರಬಂಧಗಳೂ ಇವೆ. ಆದರೆ ನೀರಿನ ಕಣಗಳ ನಡುವಣ ಹೈಡ್ರೊಜನ್ ಬಂಧಗಳು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದೆರಡು ಭಾಗದಷ್ಟು ಕಾಲದಲ್ಲಿ ತಾವಾಗಿಯೇ ಮುರಿದು ಮತ್ತೆ ಕೂಡುತ್ತಿರುತ್ತವೆ. ಅಯಸ್ಕಾಂತ ದಾಟಿ ಮಿಕ್ಸರಿಗೆ ಬರುವಷ್ಟರಲ್ಲಿ ನೀರು ಯಾವ ನೆನಪನ್ನು ಉಳಿಸಿಕೊಂಡೀತು ಎಂಬ ಪ್ರಶ್ನೆಗೆ ಒಪ್ಪುವಂತಹ ಉತ್ತರ ದೊರೆತಿಲ್ಲ. ಐ.ಎಸ್. 456ರಲ್ಲಿ ಇದಕ್ಕೆ ಯಾವ ಮಾನ್ಯತೆಯೂ ಇಲ್ಲ. ಮಾರಾಟಗಾರರು ತೋರಿಸುವ ಪುರಾವೆ ಸಾಮಾನ್ಯವಾಗಿ ಮೂರು ಕ್ಯೂಬು ಹೀಗೆ, ಮೂರು ಕ್ಯೂಬು ಹಾಗೆ. ಒಂದೇ ಮಿಶ್ರಣದಿಂದ ಮಾಡಿದ ಮೂರು ಕ್ಯೂಬುಗಳು ಸರಾಸರಿಯಿಂದ ಶೇಕಡಾ 15ರವರೆಗೆ ಆಚೆ ಈಚೆ ಆಗುವುದನ್ನು ಮಾನಕವೇ ಒಪ್ಪುತ್ತದೆ. ಹೀಗಿರುವಾಗ ಮೂರು ಕ್ಯೂಬುಗಳಲ್ಲಿ ಕಂಡ ಶೇಕಡಾ 10ರ ಏರಿಕೆ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಸಾಧನ ಕೊಳ್ಳಲೇಬೇಕೆನ್ನುವವರು ಎರಡು ಬಗೆಯ ನೀರನ್ನೂ ಗುರುತಿಲ್ಲದ ಡ್ರಮ್ಮುಗಳಲ್ಲಿ ಇಟ್ಟು, ಕ್ಯೂಬು ಹಾಕುವವನಿಗೆ ಯಾವುದು ಯಾವುದೆಂದು ತಿಳಿಸದೆ, ಹಲವು ದಿನಗಳ ಮಿಶ್ರಣಗಳಲ್ಲಿ ಪರೀಕ್ಷಿಸಿ, ಫಲ ಕಂಡರೆ ಮಾತ್ರ ಹಣ ಎಂಬ ಷರತ್ತಿನ ಮೇಲೆ ತರಿಸಿಕೊಳ್ಳಬಹುದು. ಈ ಷರತ್ತನ್ನು ಕೇಳಿದೊಡನೆ ಮಾರಾಟಗಾರರ ಉತ್ಸಾಹ ಎಷ್ಟು ಉಳಿಯುತ್ತದೆಂಬುದೂ ಒಂದು ಪರೀಕ್ಷೆಯೇ.

ಲಾಭ ನಿಜವಾಗಿ ಎಷ್ಟು?

ಉದಾಹರಣೆಗಾಗಿ ಸಿಮೆಂಟು ಚೀಲಕ್ಕೆ 350 ರೂ., ಅಂದರೆ ಕಿಲೋಗೆ 7 ರೂ.; ಅಡ್‌ಮಿಕ್ಸ್ಚರ್ ಕಿಲೋಗೆ 50 ರೂ.; ಜಲ್ಲಿ, ಮರಳು ಟನ್ನಿಗೆ 1,000 ರೂ. ಎಂದಿಟ್ಟುಕೊಳ್ಳಬಹುದು. ಪ್ರತಿ ಘಟಕವೂ ತನ್ನ ದರ ಹಾಕಿಕೊಳ್ಳತಕ್ಕದ್ದು. ಮೂಲ ಮಿಶ್ರಣ 380 ಕಿ.ಗ್ರಾಂ. ಸಿಮೆಂಟು, 190 ಲೀಟರ್ ನೀರು, ಅನುಪಾತ 0.50. ಅಡ್‌ಮಿಕ್ಸ್ಚರಿನಿಂದ ನೀರು ಶೇಕಡಾ 20ರಷ್ಟು ತಗ್ಗಿ 152 ಲೀಟರ್ ಆಯಿತೆನ್ನೋಣ. ಅನುಪಾತವನ್ನು 0.50ರಲ್ಲಿಯೇ ಉಳಿಸಿಕೊಂಡರೆ 304 ಕಿ.ಗ್ರಾಂ. ಸಿಮೆಂಟು ಸಾಕು; 76 ಕಿಲೋ ಉಳಿತಾಯ, 532 ರೂ. ಅಡ್‌ಮಿಕ್ಸ್ಚರ್ ಶೇಕಡಾ 1ರಂತೆ 152 ರೂ. ಮಾರಾಟಗಾರರ ಹಾಳೆಯಲ್ಲಿ ನಿವ್ವಳ ಲಾಭ 380 ರೂ. ಎಂದು ಬರೆದು ಲೆಕ್ಕ ಮುಗಿಯುತ್ತದೆ.

ಲೆಕ್ಕ ಮುಗಿದಿಲ್ಲ. ಸಿಮೆಂಟು 24 ಲೀಟರ್, ನೀರು 38 ಲೀಟರ್, ಒಟ್ಟು 62 ಲೀಟರ್ ಗಾತ್ರ ಕಡಿಮೆಯಾಗಿದೆ. ಒಂದು ಘನಮೀಟರು ತುಂಬಲು ಅಷ್ಟು ಗಾತ್ರದ ಜಲ್ಲಿ, ಮರಳು ಸುಮಾರು 165 ಕಿಲೋ ಹಾಕಬೇಕು. ಅದಕ್ಕೆ 165 ರೂ. ಉಳಿದದ್ದು 215 ರೂ. ಇನ್ನು 304 ಕಿಲೋ ಎಂಬುದು ಕಂಬಿಯಿರುವ ಕಾಂಕ್ರೀಟಿಗೆ ಮಾನಕ ಹೇಳುವ ಕನಿಷ್ಠ 300 ಕಿಲೋಗೆ ತೀರ ಸಮೀಪ. ಕಠಿಣ ವಾತಾವರಣಕ್ಕೆ ಕನಿಷ್ಠವೇ 320. ಹೀಗಾಗಿ ಎಚ್ಚರವುಳ್ಳ ತಯಾರಕರು 340 ಕಿಲೋದಲ್ಲಿ ನಿಂತರೆ, ಸಿಮೆಂಟಿನಲ್ಲಿ ಉಳಿದದ್ದು 280 ರೂ., ಅಡ್‌ಮಿಕ್ಸ್ಚರ್ 170, ಜಲ್ಲಿ-ಮರಳು 134. ನಿವ್ವಳ 24 ರೂ. ಖರ್ಚೇ ಹೆಚ್ಚು! ಆದರೆ ಅನುಪಾತ 0.50ರಿಂದ 0.45ರ ಹತ್ತಿರಕ್ಕೆ ಇಳಿದಿದೆ. 24 ರೂಪಾಯಿಗೆ ದೊರೆತ ಈ ಹೆಚ್ಚುವರಿ ಬಲ ಬಹಳ ಅಗ್ಗವೆಂದೇ ಹೇಳಬೇಕು. ಅಡ್‌ಮಿಕ್ಸ್ಚರನ್ನು ಸಿಮೆಂಟು ಉಳಿಸುವ ಉಪಾಯವೆಂದು ಕೊಳ್ಳುವುದಕ್ಕಿಂತ ತಿರಸ್ಕೃತ ಸರಕನ್ನು ತಗ್ಗಿಸುವ ವಿಮೆಯೆಂದು ಕೊಂಡರೆ ಲೆಕ್ಕ ಸರಿಹೋಗುತ್ತದೆ.

ಇದೆಲ್ಲವನ್ನೂ ಒಂದು ಮಳೆ ಅಳಿಸಿಹಾಕಬಲ್ಲದು. ಘನಮೀಟರಿಗೆ ಹಾಕುವ 700 ಕಿಲೋ ಮರಳಿನಲ್ಲಿ ಶೇಕಡಾ 5 ತೇವವಿದ್ದರೆ ಅದೇ 35 ಲೀಟರ್ ನೀರು. ಹಣ ಕೊಟ್ಟು ತಗ್ಗಿಸಿದ 38 ಲೀಟರ್ ಮರಳಿನ ರಾಶಿಯ ಮೂಲಕ ಹಿಂಬಾಗಿಲಿನಿಂದ ಒಳಬಂದಂತಾಯಿತು. ಮರಳಿನ ತೇವ ಅಳೆದು ಮಿಕ್ಸರಿನ ನೀರನ್ನು ಅಷ್ಟು ಕಡಿಮೆ ಮಾಡುವುದಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ಬಾಣಲೆ, ಒಂದು ಒಲೆ ಮಾತ್ರ. ಇಂತಹ ಶಿಸ್ತಿಗೂ ಬೆಲೆಯಿದೆ. ಎಂ 25 ಕಾಂಕ್ರೀಟಿಗೆ ಗುರಿಯಿಡಬೇಕಾದ ಸರಾಸರಿ ಬಲ 25ಕ್ಕೆ ಏರಿಳಿತದ ಮಾಪನದ 1.65 ಪಟ್ಟನ್ನು ಸೇರಿಸಿದಷ್ಟು. ಮಾನಕದ ಪ್ರಕಾರ ಉತ್ತಮ ಹತೋಟಿಯಲ್ಲಿ ಆ ಮಾಪನ 4, ಗುರಿ 31.6, ಹತೋಟಿ ಸಡಿಲವಿದ್ದರೆ ಮಾಪನ 5, ಗುರಿ 33.25. ಅಂದರೆ ಅಶಿಸ್ತಿನ ಘಟಕ ಅದೇ ದರ್ಜೆಯ ಮಾಲಿಗೆ ಪ್ರತಿ ಘನಮೀಟರಿನಲ್ಲೂ ಹೆಚ್ಚು ಸಿಮೆಂಟು ಸುರಿಯಬೇಕು.

ದರ ಹಾಕುವಾಗ ತೆರಿಗೆಯ ಅಂಶ ಮರೆಯಕೂಡದು. ಸಿಮೆಂಟಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹೂಡುವಳಿ ತೆರಿಗೆ ಜಮೆ ಪಡೆಯುವ ತಯಾರಕರಿಗೆ ತೆರಿಗೆ ವೆಚ್ಚವಲ್ಲ, ಅವರು ತೆರಿಗೆ ಬಿಟ್ಟ ದರವನ್ನೇ ಹಾಕಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆ ಇಲ್ಲವಾದ್ದರಿಂದ ತೆರಿಗೆಯೂ ವೆಚ್ಚವೇ. ಅವರ ಮಟ್ಟಿಗೆ ಸಿಮೆಂಟು ಅಗ್ಗವಾದಷ್ಟೂ ಅಡ್‌ಮಿಕ್ಸ್ಚರಿನ ಆಕರ್ಷಣೆ ಕಡಿಮೆಯಾಗಿದೆ. ಆರ್.ಓ. ಯಂತ್ರದ ಮೇಲಿನ ತೆರಿಗೆಗೆ ಜಮೆ ಪಡೆದರೆ ಆ ತೆರಿಗೆಯ ಭಾಗದ ಮೇಲೆ ಸವಕಳಿ ಕೇಳುವಂತಿಲ್ಲ.

ಇನ್ನು ಬಾಕಿ ಹಣದ ವಿಚಾರ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆ, 2006ರ ಪ್ರಕಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಘಟಕಕ್ಕೆ ಖರೀದಿದಾರರು ಒಪ್ಪಿದ ದಿನಾಂಕದೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಅದನ್ನು ನಿವಾರಿಸಿದ ದಿನವೇ ಸ್ವೀಕಾರದ ದಿನವಾಗುತ್ತದೆ. ಇಲ್ಲಿ 28 ದಿನದ ಕ್ಯೂಬು ಮತ್ತು 15 ದಿನದ ಆಕ್ಷೇಪಣೆ ಎದುರುಬದುರಾಗುತ್ತವೆ. ಎಳೆಯ ಸರಕನ್ನು ಕಳುಹಿಸಿದರೆ ಖರೀದಿದಾರರ ಎಂಜಿನಿಯರು 7 ದಿನದ ಕ್ಯೂಬನ್ನು ಒಡೆದು ನೋಡುತ್ತಾರೆ. ಹಾರುಬೂದಿಯ ಮಿಶ್ರಣದಲ್ಲಿ ಅದು ಕಡಿಮೆಯೇ ಇರುವುದು ಸಹಜ. ಆದರೂ ಆಕ್ಷೇಪಣೆಯ ಪತ್ರ ಬಂದುಬಿಡುತ್ತದೆ, 45 ದಿನಗಳ ಗಡಿಯಾರ ನಿಂತುಬಿಡುತ್ತದೆ. ಆದುದರಿಂದ ಮಿಶ್ರಣದಲ್ಲಿ ಹಾರುಬೂದಿ ಅಥವಾ ಅಡ್‌ಮಿಕ್ಸ್ಚರ್ ಬಳಸುವುದನ್ನು, ಬಲವನ್ನು ಎಷ್ಟನೆಯ ದಿನ ಅಳೆಯತಕ್ಕದ್ದೆಂಬುದನ್ನು ಆರ್ಡರಿನಲ್ಲಿಯೇ ಬರೆಸಿಕೊಳ್ಳಬೇಕು. ಎರಕದ ದಿನಾಂಕವನ್ನು ಪ್ರತಿ ಕಂಬದ ಮೇಲೂ ನಮೂದಿಸಬೇಕು. ನೀರಿನ ವರದಿ, ಅಡ್‌ಮಿಕ್ಸ್ಚರಿನ ಬ್ಯಾಚ್ ಪ್ರಮಾಣಪತ್ರ ಮತ್ತು ಆ ದಿನದ ಕ್ಯೂಬು ಫಲಿತಾಂಶವನ್ನು ಆಯಾ ಇನ್‌ವಾಯ್ಸಿನ ಪ್ರತಿಯೊಡನೆ ಒಂದೇ ಕಡತದಲ್ಲಿಟ್ಟರೆ, ಆಕ್ಷೇಪಣೆಯ ಪತ್ರಕ್ಕೆ ಮರುದಿನವೇ ಉತ್ತರ ಕಳುಹಿಸಲು ಸಾಧ್ಯ.